ಹತ್ತು ಸೆಂಟಿನ ಪೆಟ್ಟಿಗೆ ಕೆದಕುವವರು

ಅಮೆರಿಕದ ಸಣ್ಣ ಊರುಗಳಲ್ಲಿ ವಾರಾಂತ್ಯಕ್ಕೆ ಬಾಡಿಗೆಗೆ ಸಿಗುವ ಜಾಗಗಳು ಕೆಲವಿವೆ. ಮಾಜಿ ಸೈನಿಕರ ಸಂಘದ ಹಾಲ್, ಚರ್ಚಿನ ನೆಲಮಾಳಿಗೆ, ಹೆದ್ದಾರಿ ಪಕ್ಕದ ಹೋಟೆಲಿನ ಸಭಾಂಗಣ. ಭಾನುವಾರ ಬೆಳಿಗ್ಗೆ ಅಲ್ಲಿ ಉದ್ದನೆಯ ಮೇಜುಗಳನ್ನು ಸಾಲಾಗಿ ಹಾಕಿ, ಬಾಗಿಲಲ್ಲಿ ಎರಡೋ ಮೂರೋ ಡಾಲರ್ ತೆಗೆದುಕೊಂಡು ಒಳಗೆ ಬಿಟ್ಟರೆ ಅದೇ ಕಾರ್ಡ್ ಶೋ. ಪ್ರತಿ ಮೇಜಿನ ಮೇಲೂ ಬೀಗ ಹಾಕಿದ ಗಾಜಿನ ಪೆಟ್ಟಿಗೆ ಇರುತ್ತದೆ. ನೂರು, ಸಾವಿರ ಡಾಲರಿನ ಬೇಸ್‌ಬಾಲ್ ಕಾರ್ಡುಗಳು ಅದರೊಳಗೆ. ಮೇಜಿನ ಪಕ್ಕದಲ್ಲೋ ಕೆಳಗೋ ಬಿಳಿ ರಟ್ಟಿನ ಉದ್ದ ಪೆಟ್ಟಿಗೆಗಳು ಬಿದ್ದಿರುತ್ತವೆ. ಅವುಗಳ ಮೇಲೆ ಮಾರ್ಕರಿನಲ್ಲಿ ದಪ್ಪಗೆ ಬೆಲೆ: ಒಂದಕ್ಕೆ ಹತ್ತು ಸೆಂಟ್, ಇನ್ನೊಂದಕ್ಕೆ ಕಾಲು ಡಾಲರ್, ಮತ್ತೊಂದಕ್ಕೆ ಒಂದು ಡಾಲರ್. ಗಾಜಿನ ಮುಂದೆ ಜನ ನಿಂತು ನೋಡಿ ಮುಂದೆ ಹೋಗುತ್ತಾರೆ. ರಟ್ಟಿನ ಪೆಟ್ಟಿಗೆಯವರು ಕುರ್ಚಿ ಎಳೆದುಕೊಂಡು ಕೂರುತ್ತಾರೆ. ನಮ್ಮ ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಿ ಹಳೆಯ ಪುಸ್ತಕಗಳ ರಾಶಿ ಕೆದಕಿದವರಿಗೆ ಆ ಬಗ್ಗಿದ ಬೆನ್ನು, ಆ ಧೂಳು ಹಿಡಿದ ಬೆರಳು ಹೊಸದೇನಲ್ಲ.

ಪತ್ರಿಕೆಗಳಿಗೆ ಸುದ್ದಿಯಾಗುವುದು ಗಾಜಿನ ಪೆಟ್ಟಿಗೆ. ಅದನ್ನೂ ಸ್ವಲ್ಪ ತಿಳಿದುಕೊಂಡರೆ ಕೂತವರ ಕೆಲಸ ಅರ್ಥವಾಗುತ್ತದೆ.

ಕಾರ್ಡ್ ಎಂದರೆ ಎರಡೂವರೆ ಇಂಚು ಅಗಲ, ಮೂರೂವರೆ ಇಂಚು ಉದ್ದದ ರಟ್ಟಿನ ತುಂಡು. ಮುಂದೆ ಆಟಗಾರನ ಚಿತ್ರ, ಹಿಂದೆ ಅವನ ಹುಟ್ಟೂರು, ಎತ್ತರ, ತೂಕ, ವರ್ಷವಾರು ಅಂಕಿ ಅಂಶ, ಜೊತೆಗೊಂದು ಪುಟ್ಟ ವ್ಯಂಗ್ಯಚಿತ್ರ. ಈ ಅಳತೆ 1957ರಿಂದ ಗಟ್ಟಿಯಾದದ್ದು. ಅದಕ್ಕೂ ಹಿಂದೆ, ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ, ಇವು ಸಿಗರೇಟು ಪ್ಯಾಕಿನೊಳಗೆ ಬರುತ್ತಿದ್ದವು. ಪ್ಯಾಕು ಮುದುಡದಂತೆ ಇಡುತ್ತಿದ್ದ ರಟ್ಟಿಗೆ ಚಿತ್ರ ಅಚ್ಚು ಹಾಕಿದರೆ ಗಿರಾಕಿ ಮತ್ತೆ ಬರುತ್ತಾನೆ ಎಂಬುದು ತಂಬಾಕು ಕಂಪನಿಗಳ ಲೆಕ್ಕ. 1909ರಿಂದ 1911ರವರೆಗೆ ಬಂದ ಒಂದು ಸರಣಿಯಲ್ಲಿ ಪಿಟ್ಸ್‌ಬರ್ಗ್ ತಂಡದ ಹೋನಸ್ ವ್ಯಾಗ್ನರ್ ಕಾರ್ಡ್ ಅರ್ಧಕ್ಕೇ ನಿಂತಿತು. ಮಕ್ಕಳು ತನ್ನ ಚಿತ್ರಕ್ಕಾಗಿ ತಂಬಾಕು ಕೊಳ್ಳುವುದು ಆತನಿಗೆ ಇಷ್ಟವಿರಲಿಲ್ಲ ಎನ್ನುವವರಿದ್ದಾರೆ. ದುಡ್ಡು ಕೊಡಲಿಲ್ಲವೆಂದು ಬೇಡ ಅಂದ ಎನ್ನುವವರೂ ಇದ್ದಾರೆ. ಇಂದು ಉಳಿದಿರುವುದು ಸುಮಾರು ಐವತ್ತು ಅರವತ್ತು ಪ್ರತಿ. 2022ರಲ್ಲಿ ಒಂದು 72.5 ಲಕ್ಷ ಡಾಲರಿಗೆ ಕೈ ಬದಲಾಯಿಸಿತು.

ತಂಬಾಕಿನ ನಂತರ ಬಬಲ್ ಗಮ್ ಬಂತು. 1933ರಲ್ಲಿ ಬಾಸ್ಟನ್ನಿನ ಗೌಡಿ ಕಂಪನಿ ಗಮ್ಮಿನ ಜೊತೆ ಕಾರ್ಡ್ ಇಟ್ಟಿತು. ಆ ಸರಣಿಯಲ್ಲಿ 106ನೇ ನಂಬರಿನ ಕಾರ್ಡನ್ನು ಕಂಪನಿ ಅಚ್ಚು ಹಾಕಿಯೇ ಇರಲಿಲ್ಲ. ಎಲ್ಲ ಸೇರಿಸಿಯೇ ತೀರುತ್ತೇವೆ ಎಂದು ಮಕ್ಕಳು ಗಮ್ ಕೊಳ್ಳುತ್ತಲೇ ಹೋದರು. ದೂರು ಬರೆದವರಿಗೆ ಮಾತ್ರ ಮರುವರ್ಷ ನ್ಯಾಪ್ ಲಾಜೊಯಿ ಎಂಬ ಹಳೆಯ ಆಟಗಾರನ ಕಾರ್ಡನ್ನು ಅಂಚೆಯಲ್ಲಿ ಕಳಿಸಿತು. ಈಗ ಆ ಸರಣಿಯಲ್ಲಿ ಅತಿ ವಿರಳವಾದದ್ದು ಅದೇ. ಕಂಪನಿಯ ಕುತಂತ್ರವೇ ಮುಂದೆ ಬೆಲೆಯಾಯಿತು ಅನ್ನಿ.

ಈಗಿನ ಕಾರ್ಡಿನ ರೂಪ ಕೊಟ್ಟದ್ದು ಬ್ರೂಕ್ಲಿನ್ನಿನ ಟಾಪ್ಸ್ ಕಂಪನಿಯ ನೌಕರ ಸೈ ಬರ್ಗರ್. 1952ರ ಸರಣಿಯನ್ನು ಅವರು ತಮ್ಮ ಮನೆಯ ಅಡುಗೆಮನೆ ಮೇಜಿನ ಮೇಲೆ ಕತ್ತರಿಸಿ ಅಂಟಿಸಿ ರೂಪಿಸಿದರು. ಒಟ್ಟು 407 ಕಾರ್ಡು. ಕೊನೆಯ ಕಂತು ಅಂಗಡಿ ತಲುಪುವ ಹೊತ್ತಿಗೆ ಬೇಸ್‌ಬಾಲ್ ಕಾಲ ಮುಗಿಯುತ್ತ ಬಂದಿತ್ತು, ಹುಡುಗರ ಮನಸ್ಸು ಬೇರೆ ಆಟದ ಕಡೆ ಹೋಗಿತ್ತು. ಮಾಲು ಗೋದಾಮಿನಲ್ಲಿ ಕೊಳೆಯಿತು. ಹತ್ತು ಕಾರ್ಡಿಗೆ ಒಂದು ಸೆಂಟ್ ಎಂದರೂ ಯಾರಿಗೂ ಬೇಡ. 1960ರಲ್ಲಿ ಅದನ್ನೆಲ್ಲ ದೋಣಿಗೆ ಹೇರಿ, ನ್ಯೂಜೆರ್ಸಿ ತೀರದಾಚೆ ಅಟ್ಲಾಂಟಿಕ್ ಸಾಗರಕ್ಕೆ ಸುರಿಸಿದ್ದಾಗಿ ಬರ್ಗರ್ ಅವರೇ ಹೇಳಿಕೊಂಡಿದ್ದಾರೆ. ಆ ಕಂತಿನಲ್ಲಿದ್ದದ್ದು 311ನೇ ನಂಬರ್, ಮಿಕಿ ಮ್ಯಾಂಟಲ್ ಎಂಬ ಆಟಗಾರನದು. 2022ರ ಆಗಸ್ಟಿನಲ್ಲಿ ಹರಾಜಾದ ಒಂದು ಪ್ರತಿಗೆ ಸಿಕ್ಕ ಬೆಲೆ 1.26 ಕೋಟಿ ಡಾಲರ್.

ಇಲ್ಲೊಂದು ಸ್ವಾರಸ್ಯವಿದೆ. ಮ್ಯಾಂಟಲ್‌ನ ಮೊದಲ ಕಾರ್ಡ್ ಇದಲ್ಲ. 1951ರಲ್ಲಿ ಬೋಮನ್ ಕಂಪನಿಯದು ಬಂದಿತ್ತು. ಕಂತಿನಲ್ಲಿ ಇದು ವಿರಳವೂ ಅಲ್ಲ. ಅಚ್ಚಿನ ಹಾಳೆಯಲ್ಲಿ ಮೂವರ ಕಾರ್ಡು ಎರಡೆರಡು ಸಲ ಇದ್ದವು, ಅವರಲ್ಲಿ ಮ್ಯಾಂಟಲ್ ಒಬ್ಬ. ಅಂದರೆ ಅದೇ ಕಂತಿನ ಯಾವನೋ ಹೆಸರಿಲ್ಲದ ಆಟಗಾರನ ಕಾರ್ಡಿಗಿಂತ ಮ್ಯಾಂಟಲ್‌ನದು ಎರಡರಷ್ಟು ಅಚ್ಚಾಗಿದೆ. ಬೆಲೆ ಕಟ್ಟುವುದು ವಿರಳತೆಯಲ್ಲ, ಎಷ್ಟು ಜನ ಆಸೆಪಡುತ್ತಾರೆ ಎಂಬುದು. ರಟ್ಟಿನ ಪೆಟ್ಟಿಗೆ ಕೆದಕುವವರ ಇಡೀ ಕಸುಬು ಈ ಒಂದು ಮಾತಿನ ಮೇಲೆ ನಿಂತಿದೆ: ಬೇರೆಯವರು ಆಸೆಪಡದ್ದನ್ನು ಆಸೆಪಡು.

ಆ ಪಂಥದ ಮೂಲಪುರುಷ ಜೆಫರ್ಸನ್ ಬರ್ಡಿಕ್. ನ್ಯೂಯಾರ್ಕ್ ರಾಜ್ಯದ ಸಿರಾಕ್ಯೂಸ್ ಊರಿನವರು, ವಿದ್ಯುತ್ ಉಪಕರಣಗಳ ಕಾರ್ಖಾನೆಯಲ್ಲಿ ಬಿಡಿಭಾಗ ಜೋಡಿಸುವ ಕೆಲಸ. ಮದುವೆಯಾಗಲಿಲ್ಲ, ಆಸ್ತಿ ಮಾಡಲಿಲ್ಲ. ಬೇಸ್‌ಬಾಲ್ ಹುಚ್ಚೂ ಅವರಿಗೆ ಅಷ್ಟಾಗಿ ಇರಲಿಲ್ಲ. ಇದ್ದದ್ದು ಅಚ್ಚಾದ ಕಾಗದದ ಮೋಹ: ಜಾಹೀರಾತು ಚೀಟಿ, ಅಂಚೆ ಕಾರ್ಡ್, ಪ್ರೇಮಿಗಳ ದಿನದ ಶುಭಾಶಯ, ಸಿಗರೇಟು ಪ್ಯಾಕಿನ ಚಿತ್ರ. ಕಸವೆಂದು ಜನ ಬಿಸಾಡುತ್ತಿದ್ದುದಕ್ಕೆ 1939ರಲ್ಲಿ ಅವರು ಪಟ್ಟಿಯೊಂದನ್ನು ಅಚ್ಚು ಹಾಕಿಸಿದರು. ಮುಂದೆ ಅದು ಅಮೆರಿಕನ್ ಕಾರ್ಡ್ ಕ್ಯಾಟಲಾಗ್ ಎಂದು ಹೆಸರಾಯಿತು. ಇಪ್ಪತ್ತನೇ ಶತಮಾನದ ತಂಬಾಕು ಕಾರ್ಡುಗಳಿಗೆಲ್ಲ ‘ಟಿ’ ಅಕ್ಷರ, ಅದರ ಮುಂದೆ ಒಂದು ಸಂಖ್ಯೆ. ವ್ಯಾಗ್ನರ್ ಇರುವ ಸರಣಿಯನ್ನು ಇವತ್ತಿಗೂ ಜಗತ್ತು ಟಿ206 ಎನ್ನುವುದು ಈ ಕಾರ್ಮಿಕ ಕೊಟ್ಟ ನಂಬರಿನಿಂದ.

ಕೀಲುನೋವಿನಿಂದ ಕೈ ಬೆರಳು ಸೊಟ್ಟಗಾಗುತ್ತ ಬಂದಂತೆ ಬರ್ಡಿಕ್ ತಮ್ಮ ಸಂಗ್ರಹವನ್ನು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಕಲಾ ಸಂಗ್ರಹಾಲಯಕ್ಕೆ ಕೊಡಲು ತೀರ್ಮಾನಿಸಿದರು. ಒಟ್ಟು ಮೂರು ಲಕ್ಷಕ್ಕೂ ಮಿಕ್ಕ ತುಣುಕುಗಳು. ಬೇಸ್‌ಬಾಲ್ ಕಾರ್ಡುಗಳೇ ಮೂವತ್ತು ಸಾವಿರದ ಮೇಲೆ. ನೀವೇ ಜೋಡಿಸಿ ಕೊಡಿ ಎಂದಿತು ಸಂಗ್ರಹಾಲಯ. ಅವರು ಅಲ್ಲಿನ ಮುದ್ರಣ ವಿಭಾಗದ ಮೂಲೆಯ ಮೇಜಿನಲ್ಲಿ ವರ್ಷಗಟ್ಟಲೆ ಕೂತು, ಒಂದೊಂದನ್ನೂ ಆಲ್ಬಮ್ಮಿಗೆ ಅಂಟಿಸಿದರು. 1963ರ ಜನವರಿಯಲ್ಲಿ ಕೊನೆಯದನ್ನು ಅಂಟಿಸಿ ಎದ್ದರು, ಎರಡು ತಿಂಗಳಲ್ಲಿ ತೀರಿಕೊಂಡರು. ಅಂಟು ಎಂದರೆ ಇಂದಿನ ಸಂಗ್ರಾಹಕರು ಹೌಹಾರುತ್ತಾರೆ. ಹಿಂಬದಿಗೆ ಗೋಂದು ತಾಗಿದ ಕಾರ್ಡಿನ ಬೆಲೆ ಪಾತಾಳಕ್ಕೆ. ಬರ್ಡಿಕ್‌ಗೆ ಆ ಚಿಂತೆಯೇ ಇರಲಿಲ್ಲ. ಮಾರುವುದಕ್ಕಾಗಿ ಕೂಡಿಟ್ಟವರಲ್ಲ ಅವರು.

ಮಾರುವ ಕಾಲ ಬೇಗ ಬಂತು. 1979ರಲ್ಲಿ ಜೇಮ್ಸ್ ಬೆಕೆಟ್ ಎಂಬ ಸಂಖ್ಯಾಶಾಸ್ತ್ರದ ಪ್ರಾಧ್ಯಾಪಕರು ಬೆಲೆಪಟ್ಟಿಯ ಪುಸ್ತಕ ತಂದರು. ಮರುವರ್ಷ ಲಾಸ್ ಏಂಜಲೀಸಿನಲ್ಲಿ ರಾಷ್ಟ್ರಮಟ್ಟದ ಮೊದಲ ಸಮ್ಮೇಳನ ನಡೆಯಿತು. ನ್ಯಾಷನಲ್ ಎಂದಷ್ಟೇ ಕರೆಯುವ ಆ ಜಾತ್ರೆ ಈಗಲೂ ಪ್ರತಿ ಬೇಸಿಗೆಯಲ್ಲಿ ನಡೆಯುತ್ತದೆ, ಹೆಚ್ಚಾಗಿ ಷಿಕಾಗೊ ಹತ್ತಿರದ ರೋಸ್‌ಮಾಂಟ್‌ನಲ್ಲಿ. ಆ ಮೊದಲ ಸಮ್ಮೇಳನದ ಹೊತ್ತಿಗೆ ಟಾಪ್ಸ್ ಒಂದರದೇ ದರ್ಬಾರು. 1981ರಲ್ಲಿ ಫ್ಲೀರ್, ಡೊನ್‌ರಸ್ ಕಂಪನಿಗಳೂ ಇಳಿದವು. 1989ರಲ್ಲಿ ಅಪ್ಪರ್ ಡೆಕ್ ನುಣುಪು ಕಾಗದ, ಹಾಲೋಗ್ರಾಮ್ ತಂದು, ಒಂದನೇ ನಂಬರಿನಲ್ಲಿ ಕೆನ್ ಗ್ರಿಫಿ ಜೂನಿಯರ್ ಎಂಬ ಹುಡುಗನನ್ನು ಕೂರಿಸಿತು. ಹಳೆಯ ಕಾರ್ಡು ಬಂಗಾರವಾದದ್ದು ಕಂಡ ಜನ ಹೊಸ ಕಾರ್ಡನ್ನು ಪೆಟ್ಟಿಗೆಗಟ್ಟಲೆ ಕೊಂಡು ಅಟ್ಟಕ್ಕೆ ಏರಿಸಿದರು. ಎಲ್ಲರೂ ಜೋಪಾನ ಮಾಡಿದ್ದು ಯಾರಿಗೂ ಬೇಡವಾಯಿತು. ಹತ್ತು ಸೆಂಟಿನ ಪೆಟ್ಟಿಗೆಯನ್ನು ತುಂಬಿಸಿದ್ದು ಬಹುಪಾಲು ಆ ಆರೇಳು ವರ್ಷಗಳ ಅಚ್ಚು.

1991ರಿಂದ ಇನ್ನೊಂದು ವ್ಯವಸ್ಥೆ ಸೇರಿಕೊಂಡಿತು: ಗ್ರೇಡಿಂಗ್. ಕಾರ್ಡನ್ನು ಕಂಪನಿಗೆ ಕಳಿಸಿದರೆ ಅವರು ಮೂಲೆ, ಅಂಚು, ಮೇಲ್ಮೈ, ಚಿತ್ರ ನಡುಮಧ್ಯ ಇದೆಯೇ ಎಂಬುದನ್ನೆಲ್ಲ ನೋಡಿ ಒಂದರಿಂದ ಹತ್ತರೊಳಗೆ ಅಂಕ ಕೊಟ್ಟು, ಗಟ್ಟಿ ಪ್ಲಾಸ್ಟಿಕ್ ಹೊದಿಕೆಯೊಳಗೆ ಮುಚ್ಚಿ ಕಳಿಸುತ್ತಾರೆ. ಇದಕ್ಕೆ ಸ್ಲ್ಯಾಬ್ ಎನ್ನುತ್ತಾರೆ. ಒಂಬತ್ತಕ್ಕೂ ಹತ್ತಕ್ಕೂ ನಡುವೆ ಬರಿಗಣ್ಣಿಗೆ ವ್ಯತ್ಯಾಸ ಕಾಣದಿದ್ದರೂ ಬೆಲೆ ಹಲವು ಪಟ್ಟು ಜಿಗಿಯುತ್ತದೆ. ನನ್ನ ಮಟ್ಟಿಗೆ ಇದು ಕಾರ್ಡ್ ಬಿಟ್ಟು ಅಂಕ ಕೊಳ್ಳುವ ವ್ಯಾಪಾರ. ಹಾಗೆ ನೋಡಿದರೆ, ಪಿಎಸ್ಎ ಎಂಬ ಗ್ರೇಡಿಂಗ್ ಕಂಪನಿ ಮೊಟ್ಟಮೊದಲು ಅಂಕ ಕೊಟ್ಟದ್ದೇ ಒಂದು ವ್ಯಾಗ್ನರ್ ಕಾರ್ಡಿಗೆ, ಹತ್ತಕ್ಕೆ ಎಂಟು. ಐಸ್ ಹಾಕಿ ಆಟಗಾರ ವೇನ್ ಗ್ರೆಟ್ಸ್‌ಕಿ ಪಾಲುದಾರರೊಬ್ಬರ ಜೊತೆ 4.51 ಲಕ್ಷ ಡಾಲರಿಗೆ ಕೊಂಡಿದ್ದ ಕಾರ್ಡದು. ಅದರ ಅಂಚನ್ನು ತಾನೇ ಕತ್ತರಿಸಿ ಚೊಕ್ಕ ಮಾಡಿದ್ದಾಗಿ ಹರಾಜುದಾರ ಬಿಲ್ ಮ್ಯಾಸ್ಟ್ರೊ 2013ರಲ್ಲಿ ನ್ಯಾಯಾಲಯದ ಮುಂದೆ ಒಪ್ಪಿಕೊಂಡರು.

ಆದರೆ ಈ ಅಂಕದ ಹುಚ್ಚಿನಿಂದಲೇ ಬಡಪಾಯಿ ಸಂಗ್ರಾಹಕನಿಗೆ ಲಾಭ. ಮೂಲೆ ಮೊಂಡಾದ, ಮಡಿಕೆ ಬಿದ್ದ, ಯಾವುದೋ ಹುಡುಗ ಬಾಲ್‌ಪೆನ್ನಿನಲ್ಲಿ ಗೀಚಿದ ಕಾರ್ಡನ್ನು ಗ್ರೇಡಿಂಗಿಗೆ ಕಳಿಸಿದರೆ ಶುಲ್ಕದ ದುಡ್ಡೂ ಹುಟ್ಟುವುದಿಲ್ಲ. ಆದ್ದರಿಂದ ವ್ಯಾಪಾರಿ ಅದನ್ನು ರಟ್ಟಿನ ಪೆಟ್ಟಿಗೆಗೆ ಎಸೆಯುತ್ತಾನೆ. 1971ರ ಟಾಪ್ಸ್ ಕಾರ್ಡಿನ ಸುತ್ತ ಕಪ್ಪು ಅಂಚಿದೆ. ಉಗುರು ತಾಗಿದರೂ ಬಿಳಿ ರಟ್ಟು ಇಣುಕುತ್ತದೆ. ಚೊಕ್ಕಟವಾದದ್ದಕ್ಕೆ ಹುಚ್ಚು ಬೆಲೆ, ಸವೆದದ್ದು ಅಗ್ಗ. ಚಿತ್ರ ಮಾತ್ರ ಎರಡರಲ್ಲೂ ಒಂದೇ. 1975ರದ್ದಾದರೆ ಅಂಚಿಗೆ ಎರಡೆರಡು ಗಾಢ ಬಣ್ಣ, ಮೇಲೆ ಹಳದಿ, ಕೆಳಗೆ ಕೆಂಪು ಎಂಬಂತೆ. ಹಳೆಯ ಕಾರ್ಡಿನ ಹಿಂಬದಿಗೆ ಗಮ್ಮಿನ ಕಲೆ, ಮುಂಬದಿಗೆ ಪೊಟ್ಟಣದ ಮೇಣ ಅಂಟಿರುವುದುಂಟು. ಗಮ್ಮಿನ ಕಲೆ ಹೋಗುವುದಿಲ್ಲ. ಮೇಣವನ್ನು ನೈಲಾನ್ ಕಾಲುಚೀಲದಿಂದ ಮೆಲ್ಲಗೆ ಉಜ್ಜಿ ತೆಗೆಯುವುದು ಸಂಗ್ರಾಹಕರ ಮನೆಮದ್ದು.

ಪೆಟ್ಟಿಗೆಯಲ್ಲಿ ಏನು ಸಿಗುತ್ತದೆ ಎಂದರೆ, ಕಥೆ ಗೊತ್ತಿದ್ದವರಿಗೆ ಬೇಕಾದಷ್ಟು. 1969ರಲ್ಲಿ ಆರೇಲಿಯೊ ರೊಡ್ರಿಗೆಸ್ ಎಂಬ ಆಟಗಾರನ ಹೆಸರಿನ ಕಾರ್ಡಿನಲ್ಲಿ ಟಾಪ್ಸ್ ಅಚ್ಚು ಹಾಕಿದ್ದು ತಂಡಕ್ಕೆ ಬ್ಯಾಟ್ ಎತ್ತಿಕೊಡುತ್ತಿದ್ದ ಹುಡುಗನ ಫೋಟೊ. 1959ರಲ್ಲಿ ಬಲಗೈ ಪಿಚರ್ ಲ್ಯೂ ಬರ್ಡೆಟ್ ಬೇಕೆಂದೇ ಎಡಗೈಯಲ್ಲಿ ಎಸೆಯುವ ಭಂಗಿ ಕೊಟ್ಟ, ಛಾಯಾಗ್ರಾಹಕನಿಗೆ ತಿಳಿಯಲೇ ಇಲ್ಲ. ಅದು ಸಾಲದೆಂದು ಹೆಸರನ್ನೂ ಲೂ ಎಂದು ತಪ್ಪಾಗಿ ಅಚ್ಚು ಹಾಕಿದರು. ಪ್ಯೂರ್ಟೊ ರಿಕೊದ ರೊಬರ್ಟೊ ಕ್ಲೆಮೆಂಟೆಯ ಹೆಸರನ್ನು ಅಮೆರಿಕದ ನಾಲಿಗೆಗೆ ಹೊಂದಿಸಿ ವರ್ಷಗಟ್ಟಲೆ ಬಾಬ್ ಎಂದೇ ಅಚ್ಚು ಹಾಕುತ್ತಿದ್ದರು. ಕ್ಲೆಮೆಂಟೆಯ ಕಾರ್ಡು ಹತ್ತು ಸೆಂಟಿಗೆ ಸಿಗದು. ಬ್ಯಾಟಿನ ಹುಡುಗ ಹುಷಾರಿಲ್ಲದ ವ್ಯಾಪಾರಿಯ ಪೆಟ್ಟಿಗೆಯಲ್ಲಿ ಇರಬಹುದು.

ಚೌಕಾಸಿಗೂ ರೀತಿನೀತಿ ಇದೆ. ಒಂದೊಂದು ಕಾರ್ಡಿಗೂ ಬೆಲೆ ಕೇಳಿ ಪ್ರಾಣ ಹಿಂಡುವವರನ್ನು ಯಾವ ವ್ಯಾಪಾರಿಯೂ ಇಷ್ಟಪಡುವುದಿಲ್ಲ. ಬೇಕಾದದ್ದನ್ನೆಲ್ಲ ಒಂದು ಕಡೆ ಒಟ್ಟಿ, “ಇಷ್ಟಕ್ಕೂ ಸೇರಿ ಎಷ್ಟಕ್ಕೆ ಕೊಡ್ತೀರಿ?” ಎಂದು ಕೇಳಬೇಕು. ಮೊದಲ ಬೆಲೆ ಅವರ ಬಾಯಿಂದಲೇ ಬರಲಿ. ವ್ಯಾಪಾರಿಯ ಲೆಕ್ಕವೂ ಸರಳ: ಮೇಜಿನ ಬಾಡಿಗೆ ಬೆಳಿಗ್ಗೆಯೇ ಕೊಟ್ಟಾಗಿದೆ, ಸಾವಿರಾರು ಕಾರ್ಡಿನ ಪೆಟ್ಟಿಗೆ ಎತ್ತುವಾಗ ಸೊಂಟ ಹಿಡಿಯುತ್ತದೆ. ಹಾಗಾಗಿ ಭಾನುವಾರ ಮಧ್ಯಾಹ್ನ ಮೂರರ ನಂತರ ಮನಸ್ಸು ಮೆತ್ತಗಾಗುತ್ತದೆ. ಆದರೆ ಒಳ್ಳೆಯ ಮಾಲು ಅಷ್ಟು ಹೊತ್ತು ಕಾಯುವುದಿಲ್ಲ. ಬಾಗಿಲು ತೆರೆಯುವ ಮೊದಲೇ ವ್ಯಾಪಾರಿಗಳು ತಮ್ಮತಮ್ಮಲ್ಲೇ ಕೊಂಡು ಮುಗಿಸಿರುತ್ತಾರೆ. ಬೆಳಿಗ್ಗೆ ಬಂದವರಿಗೆ ಆಯ್ಕೆ, ಸಂಜೆ ಉಳಿದವರಿಗೆ ಅಗ್ಗ. ಈಗ ಎಲ್ಲರ ಕೈಯಲ್ಲೂ ಫೋನ್. ಇದೇ ಕಾರ್ಡು ಹಿಂದಿನ ವಾರ ಎಷ್ಟಕ್ಕೆ ಹೋಯಿತು ಎಂಬುದು ಕ್ಷಣದಲ್ಲಿ ಗೊತ್ತಾಗುತ್ತದೆ. ದೊಡ್ಡ ಹೆಸರುಗಳಲ್ಲಿ ಚೌಕಾಸಿಗೆ ಜಾಗ ಕಡಿಮೆಯಾದದ್ದು ಇದರಿಂದ. ಯಾರೂ ಹುಡುಕಿ ನೋಡದ ಪುಡಿ ಕಾರ್ಡುಗಳಲ್ಲಿ ಹಳೆಯ ಆಟ ಹಾಗೇ ಇದೆ.

ನಕಲಿಗಳ ಬಗ್ಗೆ ಮಾತ್ರ ಎಚ್ಚರ ಬೇಕು. ಟಿ206 ಆಗಲಿ 1952ರ ಮ್ಯಾಂಟಲ್ ಆಗಲಿ ಪುಡಿಗಾಸಿಗೆ ಸಿಕ್ಕರೆ ಅದು ಮರುಮುದ್ರಣವೇ. ಎರಡನೇ ಮಹಾಯುದ್ಧಕ್ಕೂ ಮುಂಚಿನದು ಎನ್ನುವ ಕಾರ್ಡಿಗೆ ನೇರಳಾತೀತ ಬೆಳಕು ಬಿಟ್ಟಾಗ ಕಾಗದ ನೀಲಿಯಾಗಿ ಹೊಳೆದರೆ ಸುಳ್ಳೆಂದು ತಿಳಿಯಿರಿ. ಆ ಹೊಳಪು ಕೊಡುವ ರಾಸಾಯನಿಕ ಕಾಗದಕ್ಕೆ ಸೇರಲು ಶುರುವಾದದ್ದು ಆಮೇಲೆ.

ನಮ್ಮಲ್ಲಿ ಎಂಬತ್ತರ ದಶಕದ ಕೊನೆಗೆ ಬಿಗ್ ಫನ್ ಬಬಲ್ ಗಮ್ ಜೊತೆ ಕ್ರಿಕೆಟಿಗರ ಚಿತ್ರಗಳು ಬರುತ್ತಿದ್ದವು. ಶಾಲೆಯ ಚೀಲದಲ್ಲಿ ಅವನ್ನು ಹೊತ್ತು ತಿರುಗಿದ ತಲೆಮಾರಿಗೆ ಈ ಹವ್ಯಾಸ ವಿವರಿಸಬೇಕಾಗಿಲ್ಲ. ಆ ತಲೆಮಾರಿನ ಅನೇಕರು ಈಗ ನ್ಯೂಜೆರ್ಸಿ, ಟೆಕ್ಸಸ್, ಕ್ಯಾಲಿಫೋರ್ನಿಯಾದಲ್ಲಿ ಮಕ್ಕಳನ್ನು ಬೆಳೆಸುತ್ತಿದ್ದಾರೆ. ಅಂಥವರಿಗೆ ಎರಡು ಮಾತು. ಕೊಂಡ ಮನೆಯ ಅಟ್ಟದಲ್ಲಿ 1988ರ ಕಾರ್ಡಿನ ಪೆಟ್ಟಿಗೆ ಸಿಕ್ಕರೆ ಮಗಳ ಕಾಲೇಜು ಫೀಸು ಹುಟ್ಟುತ್ತದೆ ಎಂದು ಕನಸು ಕಾಣಬೇಡಿ. ಮಕ್ಕಳನ್ನು ಕಾರ್ಡ್ ಶೋಗೆ ಕರೆದುಕೊಂಡು ಹೋದರೆ, ಬಾಗಿಲಲ್ಲೇ ಪೇರಿಸಿಟ್ಟ ಹೊಸ ಪ್ಯಾಕೆಟ್ ಕೊಡಿಸಬೇಡಿ, ಅದು ಲಾಟರಿ. ಐದು ಡಾಲರಿನ ಚಿಲ್ಲರೆಯನ್ನು ಅವರ ಕೈಗೇ ಕೊಟ್ಟು ರಟ್ಟಿನ ಪೆಟ್ಟಿಗೆಯ ಮುಂದೆ ಕೂರಿಸಿ, ಚೌಕಾಸಿಯನ್ನೂ ಅವರೇ ಮಾಡಲಿ.