ಆಲೆಮನೆಯ ಹೊಗೆ, ಉಕ್ಕಿನ ಕುಲುಮೆಯ ಹೊಗೆ

ಮಕ್ಕಳೇ, ಮಂಡ್ಯದಿಂದ ಮದ್ದೂರಿಗೋ ಮಳವಳ್ಳಿಗೋ ಬಸ್ಸಿನಲ್ಲಿ ಹೋಗುವಾಗ ಕಿಟಕಿಯಾಚೆ ನೋಡಿದ್ದೀರಲ್ಲವೇ? ಕಬ್ಬಿನ ಗದ್ದೆಗಳ ನಡುವೆ ಅಲ್ಲಲ್ಲಿ ಹೊಗೆ ಏಳುತ್ತಿರುತ್ತದೆ. ಹತ್ತಿರ ಹೋದರೆ ಬೆಲ್ಲದ ಘಮ ಮೂಗಿಗೆ ಬಡಿಯುತ್ತದೆ. ಅದು ಆಲೆಮನೆ. ಗಾಣದಲ್ಲಿ ಹಾಲು ಹಿಂಡಿದ ಮೇಲೆ ಉಳಿಯುವ ಕಬ್ಬಿನ ಸಿಪ್ಪೆಯನ್ನೇ ಒಣಗಿಸಿ ಕೊಪ್ಪರಿಗೆಯ ಕೆಳಗೆ ಉರಿಸುತ್ತಾರೆ. ಸಕ್ಕರೆ ಕಾರ್ಖಾನೆಗಳಲ್ಲಿಯೂ ಅಷ್ಟೇ. ಮಂಡ್ಯದಲ್ಲಿ 1933ರಲ್ಲಿ ಶುರುವಾದ ಮೈಷುಗರ್ ಇರಲಿ, ಮದ್ದೂರು ತಾಲ್ಲೂಕಿನ ಕೊಪ್ಪ ಮತ್ತು ಕೆ.ಎಂ.ದೊಡ್ಡಿಯ ಕಾರ್ಖಾನೆಗಳಿರಲಿ, ಬಾಯ್ಲರಿನ ಮುಖ್ಯ ಉರುವಲು ಕಬ್ಬಿನ ಸಿಪ್ಪೆಯೇ.

ಈ ಹೊಗೆಯಲ್ಲಿ ಕಾರ್ಬನ್ ಡೈಆಕ್ಸೈಡ್ ಎಂಬ ಅನಿಲ ಇರುತ್ತದೆ. ಭೂಮಿಯ ಶಾಖವನ್ನು ಹೊರಕ್ಕೆ ಹೋಗದಂತೆ ತಡೆದು ಹಿಡಿಯುವ ಅನಿಲ ಇದು. ಎಂಜಿನುಗಳ ಕಾಲ ಬರುವ ಮೊದಲು ಗಾಳಿಯ ಪ್ರತಿ ಹತ್ತು ಲಕ್ಷ ಕಣಗಳಲ್ಲಿ ಸುಮಾರು 280 ಕಣ ಇದು ಇತ್ತು. ಈಗ 420ನ್ನೂ ದಾಟಿದೆ. ಹಾಗಾದರೆ ಆಲೆಮನೆಯೂ ಭೂಮಿಯನ್ನು ಬಿಸಿ ಮಾಡುತ್ತಿದೆಯೇ?

ಇಲ್ಲಿ ಸ್ವಲ್ಪ ಯೋಚಿಸಬೇಕು. ಕಬ್ಬು ಬೆಳೆಯುವಾಗ ತನ್ನ ಎಲೆಗಳಿಂದ ಗಾಳಿಯಲ್ಲಿನ ಕಾರ್ಬನ್ ಡೈಆಕ್ಸೈಡನ್ನು ಹೀರಿಕೊಂಡೇ ಸಿಹಿಯನ್ನೂ ನಾರನ್ನೂ ಮಾಡಿಕೊಳ್ಳುತ್ತದೆ. ಆಲೆಮನೆಯಲ್ಲಿ ಇಂದು ಉರಿದ ಸಿಪ್ಪೆಯ ಕಾರ್ಬನ್ ಹೋದ ವರ್ಷ ಗಾಳಿಯಲ್ಲಿಯೇ ಇತ್ತು. ಬರುವ ವರ್ಷದ ಬೆಳೆ ಅದನ್ನು ಮತ್ತೆ ಹೀರುತ್ತದೆ. ಪಕ್ಕದ ಮನೆಯಿಂದ ತಂದ ಸೇರು ಅಕ್ಕಿಯನ್ನು ಹಿಂದಿರುಗಿಸಿದ ಹಾಗೆ! ಆದರೆ ಹಳೆಯ ಟೈರನ್ನು ಒಲೆಗೆ ಹಾಕಿದರೆ ಲೆಕ್ಕ ಬೇರೆಯಾಗುತ್ತದೆ. ಟೈರಿನ ಹೆಚ್ಚಿನ ಪಾಲು ನೆಲದಾಳದ ಕಚ್ಚಾ ತೈಲದಿಂದ ಆದದ್ದು. ಅದರ ಕಾರ್ಬನ್ ಕೋಟ್ಯಂತರ ವರ್ಷ ಭೂಮಿಯೊಳಗೆ ಮಲಗಿತ್ತು. ಅದನ್ನು ಎಬ್ಬಿಸಿ ಗಾಳಿಗೆ ಬಿಟ್ಟರೆ ಅದು ಹೊಸ ಸಾಲ. ಕಲ್ಲಿದ್ದಲೂ ಹಾಗೆಯೇ.

ಕಲ್ಲಿದ್ದಲು ಮಾಡುವ ಎರಡು ಕೆಲಸ

ನಿಮ್ಮ ಶಾಲೆಯ ಕಿಟಕಿಯ ಸರಳು, ಮದ್ದೂರು ನಿಲ್ದಾಣದ ರೈಲು ಹಳಿ, ವಡೆ ಕರಿಯುವ ಬಾಣಲೆ, ಇವೆಲ್ಲ ಒಂದು ಕಾಲಕ್ಕೆ ಕೆಂಪು ಮಣ್ಣಿನಂತಹ ಅದಿರಾಗಿದ್ದವು. ಅದಿರಿನಲ್ಲಿ ಕಬ್ಬಿಣದ ಜೊತೆ ಆಮ್ಲಜನಕ ಬಿಗಿಯಾಗಿ ಅಂಟಿಕೊಂಡಿರುತ್ತದೆ. ತುಕ್ಕು ಹಿಡಿದ ಮೊಳೆ ನೋಡಿ, ಹೆಚ್ಚು ಕಡಿಮೆ ಅದೇ. ಕುಲುಮೆಯಲ್ಲಿ ಕಲ್ಲಿದ್ದಲಿನಿಂದ ಮಾಡಿದ ಕೋಕ್ ಎರಡು ಕೆಲಸ ಮಾಡುತ್ತದೆ. ಒಂದು, ಉರಿದು ಶಾಖ ಕೊಡುತ್ತದೆ. ಎರಡು, ಅದಿರಿನಲ್ಲಿನ ಆಮ್ಲಜನಕವನ್ನು ಕಿತ್ತುಕೊಳ್ಳುತ್ತದೆ. ಕಿತ್ತುಕೊಂಡ ಆಮ್ಲಜನಕ ಕಾರ್ಬನ್ ಜೊತೆ ಸೇರಿ ಕಾರ್ಬನ್ ಡೈಆಕ್ಸೈಡ್ ಆಗಿ ಚಿಮಣಿಯಿಂದ ಹೊರಬೀಳುತ್ತದೆ. ಹೀಗೆ ಒಂದು ಟನ್ ಉಕ್ಕು ಮಾಡಿದರೆ ಎರಡು ಟನ್ನಿಗೂ ಹೆಚ್ಚು ಕಾರ್ಬನ್ ಡೈಆಕ್ಸೈಡ್ ಬರುತ್ತದೆ.

ಕಲ್ಲಿದ್ದಲು ಬೇಡ, ವಿದ್ಯುತ್ತಿನಿಂದ ಕಾಯಿಸಿದರಾಯಿತು ಎಂದು ನೀವು ಹೇಳಬಹುದು. ಅದನ್ನು ನಮ್ಮ ರಾಜ್ಯದಲ್ಲಿಯೇ ಮಾಡಿ ನೋಡಿದ್ದಾರೆ. ಕನ್ನಂಬಾಡಿ ಕಟ್ಟೆಯ ವಿಶ್ವೇಶ್ವರಯ್ಯನವರನ್ನು ನೀವು ಬಲ್ಲಿರಿ. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯೂ ಅವರ ಹೆಸರಿನ ಜೊತೆ ಸೇರಿಕೊಂಡಿದೆ. 1923ರಲ್ಲಿ ಅಲ್ಲಿ ಕಬ್ಬಿಣ ಕರಗಿಸಲು ತೊಡಗಿದಾಗ ಕಲ್ಲಿದ್ದಲಿಗೆ ಬದಲು ಕಾಡಿನ ಸೌದೆಯಿಂದ ಮಾಡಿದ ಇದ್ದಿಲನ್ನು ಹಾಕುತ್ತಿದ್ದರು. 1952ರಲ್ಲಿ ವಿದ್ಯುತ್ ಕುಲುಮೆಗಳು ಬಂದವು. ಶಾಖದ ಕೆಲಸವನ್ನು ವಿದ್ಯುತ್ತು ವಹಿಸಿಕೊಂಡಿತು. ಆದರೂ ಆಮ್ಲಜನಕ ಕೀಳುವ ಕೆಲಸಕ್ಕೆ ಕಾರ್ಬನ್ ಬೇಕೇ ಬೇಕಾಯಿತು. ಇದ್ದಿಲು ಕಡಿಮೆಯಾಯಿತು, ಇಲ್ಲವಾಗಲಿಲ್ಲ. ಆ ಎರಡನೆಯ ಕೆಲಸ ಮಾಡಬಲ್ಲ ಬೇರೆ ಯಾರಾದರೂ ಇದ್ದಾರೆಯೇ?

ಇದ್ದಾರೆ. ಹೈಡ್ರೋಜನ್. ಹಳೆಯ ಪುಸ್ತಕಗಳಲ್ಲಿ ಇದನ್ನು ಜಲಜನಕ ಎಂದು ಕರೆದಿದ್ದಾರೆ, ಎಷ್ಟು ಸರಿಯಾದ ಹೆಸರು ನೋಡಿ! ಬಿಸಿಯಾದ ಅದಿರಿನ ಮೇಲೆ ಹೈಡ್ರೋಜನ್ ಹಾಯಿಸಿದರೆ ಅದು ಆಮ್ಲಜನಕವನ್ನು ಕಿತ್ತುಕೊಂಡು ನೀರಾಗುತ್ತದೆ. ಚಿಮಣಿಯಿಂದ ಬರುವುದು ನೀರಿನ ಆವಿ. ಉಳಿಯುವುದು ತೂತು ತೂತಾದ ಸ್ಪಾಂಜ್ ಕಬ್ಬಿಣ. ಸ್ವೀಡನ್ ದೇಶದಲ್ಲಿ 2021ರಲ್ಲಿ ಹೈಡ್ರೋಜನ್ನಿನಿಂದಲೇ ಇಂತಹ ಕಬ್ಬಿಣವನ್ನು ಮಾಡಿ ತೋರಿಸಿದರು.

ನೂರು ಶಿವನಸಮುದ್ರ

ಆದರೆ ಹೈಡ್ರೋಜನ್ ಎಲ್ಲಿಂದ ತರುವುದು? ಅದು ಗಣಿಯಲ್ಲಿ ಕಲ್ಲಿದ್ದಲಿನಂತೆ ರಾಶಿ ರಾಶಿಯಾಗಿ ಸಿಗುವುದಿಲ್ಲ. ಈಗ ಪ್ರಪಂಚದಲ್ಲಿ ಬಳಕೆಯಾಗುವ ಹೈಡ್ರೋಜನ್ನಿನಲ್ಲಿ ಬಹುಪಾಲನ್ನು ನೈಸರ್ಗಿಕ ಅನಿಲ ಮತ್ತು ಕಲ್ಲಿದ್ದಲಿನಿಂದ ತೆಗೆಯುತ್ತಾರೆ, ಆಗಲೂ ಕಾರ್ಬನ್ ಡೈಆಕ್ಸೈಡ್ ಬರುತ್ತದೆ. ಇದರಿಂದ ಲಾಭವಿಲ್ಲ. ನೀರಿನೊಳಗೆ ವಿದ್ಯುತ್ ಹಾಯಿಸಿ ನೀರನ್ನೇ ಒಡೆದರೆ ಶುದ್ಧ ಹೈಡ್ರೋಜನ್ ಸಿಗುತ್ತದೆ. ಆ ವಿದ್ಯುತ್ತು ಬಿಸಿಲಿನಿಂದಲೋ ಗಾಳಿಯಿಂದಲೋ ಜಲಪಾತದಿಂದಲೋ ಬಂದದ್ದಾದರೆ ಅದು ಹಸಿರು ಹೈಡ್ರೋಜನ್.

ಜಲಪಾತದ ವಿದ್ಯುತ್ತು ಎಂದರೆ ಮಳವಳ್ಳಿಯ ಮಕ್ಕಳು ಕಿವಿ ನೆಟ್ಟಗೆ ಮಾಡಬೇಕು. ನಿಮ್ಮ ತಾಲ್ಲೂಕಿನ ಶಿವನಸಮುದ್ರದಲ್ಲಿ 1902ರ ಜೂನ್ 30ರಂದು ತಯಾರಾದ ವಿದ್ಯುತ್ತು ಸುಮಾರು 147 ಕಿಲೋಮೀಟರ್ ತಂತಿಯಲ್ಲಿ ಓಡಿ ಕೋಲಾರದ ಚಿನ್ನದ ಗಣಿ ತಲುಪಿತು. ಗಣಿಯ ಉಗಿಯಂತ್ರಗಳ ಕೆಲಸವನ್ನು ಕಾವೇರಿಯ ನೀರು ಕೈಗೆತ್ತಿಕೊಂಡಿತು. ಭಾರಿ ಕೈಗಾರಿಕೆಯ ಹೊಗೆ ಕಡಿಮೆ ಮಾಡುವ ಕೆಲಸ ನಮ್ಮಲ್ಲಿ ಅಂದೇ ಶುರುವಾಯಿತು ಎಂದರೆ ತಪ್ಪಲ್ಲ. ಆಗ ಯಾರೂ ಅದನ್ನು ಹಾಗೆ ಕರೆಯಲಿಲ್ಲ, ಅಷ್ಟೇ.

ಈಗ ಒಂದು ಲೆಕ್ಕ ಮಾಡೋಣ, ಪೆನ್ಸಿಲ್ ಹಿಡಿಯಿರಿ. ಒಂದು ಕಿಲೋ ಹೈಡ್ರೋಜನ್ ತೆಗೆಯಲು ಸುಮಾರು 55 ಯೂನಿಟ್ ವಿದ್ಯುತ್ ಬೇಕು. ಒಂದು ಟನ್ ಕಬ್ಬಿಣ ಮಾಡಲು ಸುಮಾರು 55 ಕಿಲೋ ಹೈಡ್ರೋಜನ್ ಬೇಕು. ಶಿವನಸಮುದ್ರದ ವಿದ್ಯುದಾಗಾರದ ಸಾಮರ್ಥ್ಯ 42 ಮೆಗಾವಾಟ್. ಎಲ್ಲ ಯಂತ್ರಗಳೂ ಪೂರ್ತಿ ತಿರುಗಿದರೆ ಗಂಟೆಗೆ 42,000 ಯೂನಿಟ್. ಅದರಿಂದ ಸಿಗುವ ಹೈಡ್ರೋಜನ್ ಸುಮಾರು 760 ಕಿಲೋ. ಅದರಿಂದ ಆಗುವ ಕಬ್ಬಿಣ ಸುಮಾರು 14 ಟನ್.

ಬಳ್ಳಾರಿ ಜಿಲ್ಲೆಯ ತೋರಣಗಲ್ಲಿನಲ್ಲಿರುವ ಜಿಂದಾಲ್ ಉಕ್ಕಿನ ಕಾರ್ಖಾನೆ ವರ್ಷಕ್ಕೆ 1 ಕೋಟಿ 20 ಲಕ್ಷ ಟನ್ನಿಗೂ ಹೆಚ್ಚು ಉಕ್ಕು ತಯಾರಿಸಬಲ್ಲದು. ವರ್ಷಕ್ಕೆ 8,760 ಗಂಟೆ. ಭಾಗಿಸಿ ನೋಡಿ, ಗಂಟೆಗೆ ಸುಮಾರು 1,370 ಟನ್ ಬರುತ್ತದೆ. ಅಂದರೆ ಆ ಒಂದು ಕಾರ್ಖಾನೆಗೆ ಬೇಕಾಗುವ ಹೈಡ್ರೋಜನ್ನಿಗಾಗಿ ಸುಮಾರು ನೂರು ಶಿವನಸಮುದ್ರಗಳು ಹಗಲೂ ರಾತ್ರಿ ನಿಲ್ಲದೆ ದುಡಿಯಬೇಕು! ಅಲ್ಲಿ 2025ರಲ್ಲಿ ಹಸಿರು ಹೈಡ್ರೋಜನ್ ಘಟಕವೊಂದು ಶುರುವಾಗಿದೆ. ವರ್ಷಕ್ಕೆ 3,800 ಟನ್ ಒದಗಿಸುವುದು ಅದರ ಗುರಿ. ಅದರಿಂದ ಎಷ್ಟು ಕಬ್ಬಿಣವಾದೀತು ಎಂದು ನೀವೇ ಲೆಕ್ಕ ಹಾಕಿ. ಒಟ್ಟು ಉಕ್ಕಿನಲ್ಲಿ ನೂರಕ್ಕೆ ಒಂದು ಪಾಲೂ ಆಗುವುದಿಲ್ಲ. ಶುರುವಾಗಿರುವುದು ಒಳ್ಳೆಯದೇ, ಆದರೆ ದಾರಿ ಉದ್ದವಿದೆ.

“ನೀರು ಒಡೆದರೆ ನಮ್ಮ ಗದ್ದೆಗೆ ನೀರು ಎಲ್ಲಿ?” ಎಂದು ಮಂಡ್ಯದ ಮಗು ಕೇಳದೆ ಇರುವುದಿಲ್ಲ. ಮಳೆ ಕೈಕೊಟ್ಟ 2023ರಲ್ಲಿ ಕನ್ನಂಬಾಡಿ ಕಟ್ಟೆ ತುಂಬದೆ ಎಷ್ಟು ಕಷ್ಟವಾಯಿತು ಎಂದು ಮನೆಯಲ್ಲಿ ಹೇಳಿರುತ್ತಾರೆ. ಒಂದು ಕಿಲೋ ಹೈಡ್ರೋಜನ್ನಿಗೆ ಒಡೆಯಬೇಕಾದ ನೀರು 9 ಲೀಟರ್. ಒಂದು ಟನ್ ಕಬ್ಬಿಣಕ್ಕೆ ಸುಮಾರು 500 ಲೀಟರ್ ಆಯಿತು. ನೀರನ್ನು ಶುದ್ಧ ಮಾಡಲು, ಯಂತ್ರ ತಂಪು ಮಾಡಲು ಇನ್ನಷ್ಟು ಬೇಕು. ಆದರೆ ಒಂದು ಕಿಲೋ ಅಕ್ಕಿ ಬೆಳೆಯಲು 2,000 ಲೀಟರಿಗೂ ಹೆಚ್ಚು ನೀರು ಹೋಗುತ್ತದೆ ಎಂಬುದನ್ನೂ ಪಕ್ಕದಲ್ಲಿ ಬರೆದುಕೊಳ್ಳಿ. ನನಗೆ ತೋರುವಂತೆ ಇಲ್ಲಿ ದೊಡ್ಡ ತೊಡಕು ನೀರಿಗಿಂತ ವಿದ್ಯುತ್ತಿನದು. ಹಾಗೆಂದು ನೀರಿನ ಪ್ರಶ್ನೆ ಕೇಳಬಾರದೆಂದಲ್ಲ, ಬರಗಾಲದಲ್ಲಿ 500 ಲೀಟರೂ ಲೆಕ್ಕಕ್ಕೆ ಬರುತ್ತದೆ.

ಹೊಗೆಯನ್ನು ಹಿಡಿಯುವುದು

ಹೈಡ್ರೋಜನ್ನಿನಿಂದ ಬಗೆಹರಿಯದ ಕಾರ್ಖಾನೆಯೊಂದಿದೆ. ಅದು ಸಿಮೆಂಟಿನದು. ಸುಣ್ಣದ ಗೂಡಿನಲ್ಲಿ 100 ಕಿಲೋ ಶುದ್ಧ ಸುಣ್ಣಕಲ್ಲನ್ನು ಸುಟ್ಟರೆ ಕೈಗೆ ಸಿಗುವ ಸುಣ್ಣ 56 ಕಿಲೋ ಮಾತ್ರ. ಉಳಿದ 44 ಕಿಲೋ ಎಲ್ಲಿ ಹೋಯಿತು? ಕಾರ್ಬನ್ ಡೈಆಕ್ಸೈಡ್ ಆಗಿ ಹಾರಿಹೋಯಿತು! ಸಿಮೆಂಟ್ ಮಾಡುವಾಗಲೂ ಹೀಗೆಯೇ. ಉರುವಲು ಯಾವುದೇ ಇರಲಿ, ಕಲ್ಲೇ ಅನಿಲವನ್ನು ಬಿಡುತ್ತದೆ. ಅದನ್ನು ಚಿಮಣಿಯ ಬಾಯಲ್ಲೇ ಹಿಡಿಯಬೇಕು.

ಹಿಡಿಯುವುದು ಎಂದರೇನು? ನೀವೇ ಹಿಡಿದು ನೋಡಬಹುದು. ಅಧ್ಯಾಪಕರ ನೆರವಿನಿಂದ ಎಲೆ ಅಡಿಕೆಯ ಸುಣ್ಣ ಸ್ವಲ್ಪವನ್ನು ಒಂದು ಲೋಟ ನೀರಿನಲ್ಲಿ ಕದಡಿ ರಾತ್ರಿಯಿಡೀ ಮುಚ್ಚಿಡಿ. ಬೆಳಿಗ್ಗೆ ಮೇಲಿನ ತಿಳಿನೀರನ್ನು ಮಾತ್ರ ಇನ್ನೊಂದು ಲೋಟಕ್ಕೆ ಬಸಿಯಿರಿ. ಕೊಳವೆಯಿಂದ ಅದರೊಳಗೆ ಮೆಲ್ಲಗೆ ಊದಿ. ಹೀರಬೇಡಿ, ಕಣ್ಣಿಗೆ ಸಿಡಿಯದಂತೆ ನೋಡಿಕೊಳ್ಳಿ. ತಿಳಿನೀರು ಹಾಲಿನಂತೆ ಬೆಳ್ಳಗಾಗುತ್ತದೆ. ನಿಮ್ಮ ಉಸಿರಿನ ಕಾರ್ಬನ್ ಡೈಆಕ್ಸೈಡ್ ಸುಣ್ಣಕ್ಕೆ ಸಿಕ್ಕಿಬಿದ್ದು ಮತ್ತೆ ಸುಣ್ಣಕಲ್ಲಿನ ಪುಡಿಯಾಯಿತು.

ಕಾರ್ಖಾನೆಗಳಲ್ಲಿ ಸುಣ್ಣದ ನೀರಿಗೆ ಬದಲು ಅಮೈನ್ ಎಂಬ ದ್ರವಗಳನ್ನು ಬಳಸುತ್ತಾರೆ. ತಣ್ಣಗಿರುವಾಗ ಇವು ಕಾರ್ಬನ್ ಡೈಆಕ್ಸೈಡನ್ನು ಹಿಡಿಯುತ್ತವೆ, ಕಾಯಿಸಿದಾಗ ಬಿಟ್ಟುಬಿಡುತ್ತವೆ. ನೆಲ ಒರೆಸುವ ಬಟ್ಟೆಯನ್ನು ಬಕೆಟ್ಟಿನಲ್ಲಿ ಹಿಂಡಿ ಮತ್ತೆ ಒರೆಸುವುದಿಲ್ಲವೇ, ಹಾಗೆ. ಹಿಂಡುವುದಕ್ಕೆ ಶಾಖ ಬೇಕು, ಶಾಖಕ್ಕೆ ಹಣ ಬೇಕು. ಈ ವಿದ್ಯೆ ನಿಧಾನವಾಗಿ ಹರಡುತ್ತಿರುವುದಕ್ಕೆ ಇದೇ ಮುಖ್ಯ ಕಾರಣ. ನಾರ್ವೆ ದೇಶದ ಬ್ರೆವಿಕ್ ಎಂಬ ಊರಿನ ಸಿಮೆಂಟ್ ಕಾರ್ಖಾನೆಯಲ್ಲಿ 2025ರಲ್ಲಿ ಇಂತಹ ದೊಡ್ಡ ಘಟಕ ಆರಂಭವಾಯಿತು. ವರ್ಷಕ್ಕೆ 4 ಲಕ್ಷ ಟನ್ ಹಿಡಿದು, ಹಡಗಿನಲ್ಲಿ ಸಾಗಿಸಿ, ಸಮುದ್ರದ ತಳದ ಕೆಳಗಿನ ಕಲ್ಲಿನ ಪದರಕ್ಕೆ ತಳ್ಳುವ ಏರ್ಪಾಡು ಅದು.

ಈಗ ಮತ್ತೆ ನಮ್ಮ ಕಬ್ಬಿಗೆ ಬರೋಣ. ಸಕ್ಕರೆ ತೆಗೆದ ಮೇಲೆ ಉಳಿಯುವ ಕಪ್ಪು ಪಾಕ ಕಾಕಂಬಿ. ಅದಕ್ಕೆ ಯೀಸ್ಟ್ ಎಂಬ ಸೂಕ್ಷ್ಮಜೀವಿಯನ್ನು ಬಿಟ್ಟರೆ ಹುದುಗು ಬಂದು ಎಥನಾಲ್ ಆಗುತ್ತದೆ. ಇದನ್ನು ಪೆಟ್ರೋಲಿಗೆ ಬೆರೆಸುತ್ತಾರೆ. ಹುದುಗುವಾಗ ದೋಸೆ ಹಿಟ್ಟಿನಂತೆ ಗುಳ್ಳೆ ಏಳುತ್ತವೆ. ಆ ಗುಳ್ಳೆಗಳೆಲ್ಲ ಕಾರ್ಬನ್ ಡೈಆಕ್ಸೈಡ್. 180 ಕಿಲೋ ಸಕ್ಕರೆಯಿಂದ, ಲೆಕ್ಕದ ಪ್ರಕಾರ, 92 ಕಿಲೋ ಎಥನಾಲ್, 88 ಕಿಲೋ ಕಾರ್ಬನ್ ಡೈಆಕ್ಸೈಡ್. ಇದು ಹೊಗೆಯಲ್ಲಿ ಬೆರೆತದ್ದಲ್ಲ, ಬಹುಮಟ್ಟಿಗೆ ಶುದ್ಧವಾದದ್ದು. ಹಾಗಾಗಿ ಅಮೈನ್ ಬೇಡ, ತೊಟ್ಟಿಯ ಬಾಯಿ ಮುಚ್ಚಿ ಕೊಳವೆ ಹಾಕಿದರೆ ಸಾಕು. ಸೋಡಾ ಬಾಟಲಿಗೆ ತುಂಬುವ ಅನಿಲ ಎಷ್ಟೋ ಕಡೆ ಇಂತಹ ತೊಟ್ಟಿಗಳಿಂದಲೇ ಬರುತ್ತದೆ. ಸೋಡಾ ತೆರೆದ ಕೂಡಲೇ ಬುಸ್ಸೆಂದು ಮತ್ತೆ ಗಾಳಿಗೆ ಸೇರುತ್ತದೆ, ಅದು ಬೇರೆ ಮಾತು.

ಅದನ್ನು ನೆಲದೊಳಗೆ ಇಟ್ಟರೆ? ಅಮೆರಿಕದ ಡೆಕೇಟರ್ ಎಂಬಲ್ಲಿ ಮುಸುಕಿನ ಜೋಳದಿಂದ ಎಥನಾಲ್ ಮಾಡುವ ಕಾರ್ಖಾನೆಯ ಇಂತಹದೇ ಅನಿಲವನ್ನು 2011ರಿಂದ 2014ರವರೆಗೆ, ಸುಮಾರು 10 ಲಕ್ಷ ಟನ್ನಿನಷ್ಟು, ಎರಡು ಕಿಲೋಮೀಟರ್ ಆಳದ ಮರಳುಗಲ್ಲಿಗೆ ಇಳಿಸಿದರು. ಬೆಳೆ ಗಾಳಿಯಿಂದ ಹೀರಿದ್ದು ನೆಲದೊಳಗೆ ಹೋದರೆ, ಹಿಂದಿರುಗಿಸಿದ್ದಷ್ಟೇ ಅಲ್ಲ, ಹಳೆಯ ಸಾಲವೂ ಒಂದಿಷ್ಟು ತೀರಿದ ಹಾಗೆ.

ಮಂಡ್ಯದಲ್ಲಿ ಹೀಗೆ ಮಾಡಬಹುದೇ? ಬೋರ್‌ವೆಲ್ ಕೊರೆಯುವುದನ್ನು ನೋಡಿದ್ದರೆ ಉತ್ತರ ಅರ್ಧ ಗೊತ್ತಾಗಿರುತ್ತದೆ. ಮೇಲೆ ಮಣ್ಣು, ಕೆಳಗೆ ಗಟ್ಟಿ ನೈಸ್ ಮತ್ತು ಗ್ರಾನೈಟ್ ಕಲ್ಲು. ಮರಳುಗಲ್ಲಿನಲ್ಲಿ ಇರುವಂತಹ ಸಣ್ಣ ಸಣ್ಣ ರಂಧ್ರಗಳು ಇದರಲ್ಲಿಲ್ಲ. ನೀರು ಸಿಗುವುದೂ ಬಿರುಕುಗಳಲ್ಲಿ ಮಾತ್ರ, ಆ ನೀರೂ ನಾವು ಕುಡಿಯುವುದು. ಅನಿಲ ಇಡಲು ತಕ್ಕ ಜಾಗ ಇದಲ್ಲ. ಐಸ್‌ಲ್ಯಾಂಡಿನಲ್ಲಿ 2012ರಲ್ಲಿ ಕಾರ್ಬನ್ ಡೈಆಕ್ಸೈಡನ್ನು ನೀರಿನಲ್ಲಿ ಕರಗಿಸಿ ಬಸಾಲ್ಟ್ ಎಂಬ ಕಪ್ಪು ಕಲ್ಲಿನೊಳಗೆ ಬಿಟ್ಟಾಗ, ಎರಡೇ ವರ್ಷದೊಳಗೆ ಅದರ ಬಹುಪಾಲು ಕಲ್ಲಾಗಿಬಿಟ್ಟಿತ್ತು. ನಿಮ್ಮ ಸುಣ್ಣದ ತಿಳಿನೀರು ಬೆಳ್ಳಗಾದಂತೆಯೇ! ಬಸಾಲ್ಟ್ ನಮ್ಮ ರಾಜ್ಯದ ಉತ್ತರಕ್ಕೆ, ವಿಜಯಪುರ, ಬೀದರ್, ಕಲಬುರಗಿಗಳ ಕಡೆಗೆ ಬೇಕಾದಷ್ಟಿದೆ. ಮದ್ದೂರಿನ ತೊಟ್ಟಿಯಿಂದ ಅಲ್ಲಿಗೆ ನಾನೂರು ಐನೂರು ಕಿಲೋಮೀಟರ್. ಅಷ್ಟು ದೂರ ಕೊಳವೆ ಹಾಕುವ ಖರ್ಚು ಯಾರದು? ಕಬ್ಬಿನ ಬೆಲೆಗೇ ಹೋರಾಡುವ ರೈತರದಂತೂ ಆಗಬಾರದು.

ತಿಳಿನೀರಿನ ಲೋಟವನ್ನು ಚೆಲ್ಲಬೇಡಿ. ಊದದೆ ಉಳಿದ ತಿಳಿನೀರಿದ್ದರೆ ತಟ್ಟೆಗೆ ಹಾಕಿ ಕಿಟಕಿಯ ಬಳಿ ತೆರೆದಿಡಿ. ಸ್ವಲ್ಪ ಹೊತ್ತಿಗೆ ಮೇಲೆ ತೆಳ್ಳನೆಯ ಕೆನೆ ಕಟ್ಟುತ್ತದೆ. ಈ ಬಾರಿ ಯಾರೂ ಊದಿಲ್ಲ. ಹಾಗಾದರೆ ಕೆನೆಯಲ್ಲಿನ ಕಾರ್ಬನ್ ಎಲ್ಲಿಂದ ಬಂತು? ತರಗತಿಯಲ್ಲಿ ಮಾತಾಡಿ, ಉತ್ತರವನ್ನು ನಿಮ್ಮ ವಿಜ್ಞಾನದ ಪುಸ್ತಕದಲ್ಲಿ ಬರೆದಿಡಿ.