ನಾಯಿಯ ಒಣಚರ್ಮ: ಮನೆಯಲ್ಲಿ ಮಾಡತಕ್ಕದ್ದು, ಮಾಡಬಾರದ್ದು

ಮುಂಬಯಿಯ ಚಾಳಿನಲ್ಲಿ ನಾಯಿಗೆ ಅನ್ನ ಹಾಕುವವರು ಒಂದು ಮನೆಯವರಾದರೂ ಅದು ಇಡೀ ಮಹಡಿಯ ನಾಯಿ. ಮಕ್ಕಳೆಲ್ಲ ಅದರ ಮೈದಡವುತ್ತಾರೆ. ಅಂಥ ನಾಯಿಯ ಮೈಯಿಂದ ಬಿಳಿ ಹೊಟ್ಟು ಉದುರತೊಡಗಿದರೆ ನೆರೆಯವರು ತಲೆಗೊಂದು ಔಷಧ ಹೇಳುತ್ತಾರೆ: ಸೀಮೆಎಣ್ಣೆ, ಮೋಟಾರಿನ ಸುಟ್ಟ ಎಣ್ಣೆ, ಫಿನಾಯಿಲು, ನಮಗೆಂದು ತಂದ ಮುಲಾಮು. ಇವುಗಳಲ್ಲಿ ಒಂದನ್ನೂ ಹಚ್ಚಕೂಡದು.

ಕಾರಣವಿಷ್ಟೆ. ನಾಯಿ ತನ್ನ ಮೈ ನೆಕ್ಕಿಕೊಳ್ಳುವ ಪ್ರಾಣಿ. ಮೈಗೆ ಹಚ್ಚಿದ್ದು ಹೊಟ್ಟೆಗೆ ಸೇರುತ್ತದೆ. ಸೀಮೆಎಣ್ಣೆ ಚರ್ಮವನ್ನು ಸುಡುತ್ತದೆ, ಶ್ವಾಸಕೋಶಕ್ಕೆ ಇಳಿದರೆ ಪ್ರಾಣಕ್ಕೇ ಅಪಾಯ. ಫಿನಾಯಿಲು ವಿಷ. ಸತುವಿನ ಭಸ್ಮ ಬೆರೆತ ಮುಲಾಮು ನೆಕ್ಕಿದ ನಾಯಿಗೆ ವಾಂತಿಯಾಗುತ್ತದೆ, ರಕ್ತವೂ ಕೆಡಬಹುದು. ಕರ್ಪೂರ ಕಲಸಿದ ಎಣ್ಣೆಯೂ ಬೇಡ.

ಇನ್ನು ಚರ್ಮ ಒಣಗುವುದೇಕೆ? ಬಹಳ ಸಲ ನಮ್ಮ ಸಾಬೂನಿನಿಂದಲೇ. ನಾಯಿಯ ಚರ್ಮದ ಮೇಲ್ಪದರ ನಮ್ಮದಕ್ಕಿಂತ ತೆಳುವು. ಅದರ ಹುಳಿಗುಣವೂ ಕಡಮೆ. ವಾರವಾರವೂ ಸಾಬೂನು ತಿಕ್ಕಿದರೆ ಅದರ ಸಹಜವಾದ ಜಿಡ್ಡು ತೊಳೆದುಹೋಗುತ್ತದೆ. ಬರಿಯ ರೊಟ್ಟಿ, ಚಹಾದಲ್ಲಿ ಅದ್ದಿದ ಪಾವು ತಿನ್ನುವ ನಾಯಿಗೆ ಕೊಬ್ಬಿನಂಶ ಸಾಲದೆಯೂ ಚರ್ಮ ಒಣಗುತ್ತದೆ.

ಉಪಚಾರ ಹೀಗೆ:

1. ಸ್ನಾನ ತಿಂಗಳಿಗೊಮ್ಮೆ ಸಾಕು. ಉಗುರುಬೆಚ್ಚಗಿನ ನೀರು, ನಾಯಿಗಳಿಗೆಂದೇ ಮಾರುವ ಶಾಂಪೂ. ನೊರೆ ಉಳಿಯದಂತೆ ತೊಳೆದು ಒರಸಬೇಕು.

2. ಓಟ್ಸನ್ನು ನುಣ್ಣಗೆ ಪುಡಿಮಾಡಿ ಉಗುರುಬೆಚ್ಚಗಿನ ನೀರಿನಲ್ಲಿ ಕದಡಿದರೆ ನೀರು ಹಾಲಿನಂತಾಗುತ್ತದೆ. ಅದನ್ನು ಮೈಮೇಲೆ ಹೊಯ್ದು 10 ನಿಮಿಷ ಬಿಟ್ಟು ತೊಳೆಯಿರಿ. ತುರಿಕೆ ತಗ್ಗುತ್ತದೆ.

3. ಒಣಗಿದ ಕಡೆಗೆ ಅಡಿಗೆಯ ಕೊಬ್ಬರಿ ಎಣ್ಣೆಯನ್ನು ಐದಾರು ತೊಟ್ಟು ಮಾತ್ರ ತೆಳ್ಳಗೆ ಸವರಿರಿ. ಹೆಚ್ಚು ನೆಕ್ಕಿದರೆ ಭೇದಿಯಾದೀತು. ಹುಣ್ಣಿಗೆ, ಒದ್ದೆಯಾಗಿ ಸೋರುವ ಚರ್ಮಕ್ಕೆ ಹಚ್ಚಬೇಡಿ.

4. ಆಗಾಗ ಬೇಯಿಸಿದ ಮೊಟ್ಟೆ, ಮುಳ್ಳು ತೆಗೆದ ಮೀನು ಕೊಡಿ. ಉಳಿದ ಸಾರು, ಪಲ್ಯ ಹಾಕಬೇಡಿ. ಅವುಗಳಲ್ಲಿರುವ ಈರುಳ್ಳಿ, ಬೆಳ್ಳುಳ್ಳಿ ನಾಯಿಯ ರಕ್ತಕಣಗಳನ್ನು ಕೆಡಿಸುತ್ತವೆ.

5. ದಿನವೂ ಬಾಚಿರಿ. ಬಾಚುವಾಗ ಉಣ್ಣಿ, ಚಿಗಟಗಳಿದ್ದರೆ ಕಣ್ಣಿಗೆ ಬೀಳುತ್ತವೆ.

ಎರಡು ವಾರ ಹೀಗೆ ಮಾಡಿಯೂ ಗುಣ ಕಾಣದಿದ್ದರೆ ಅದು ಬರಿಯ ಒಣಚರ್ಮವಲ್ಲ. ಕೂದಲು ಉದುರಿ ಚಕ್ಕೆಯಾದರೆ, ದುರ್ವಾಸನೆ ಬಂದರೆ, ಕಿವಿಯಂಚು ಮತ್ತು ಮೊಳಕೈಗಳಲ್ಲಿ ಹೊಪ್ಪಳೆ ಕಂಡರೆ ಎರಡು ವಾರವೂ ಕಾಯಬೇಡಿ. ಕಿವಿಯ ಅಂಚನ್ನು ಮೆಲ್ಲಗೆ ಉಜ್ಜಿದಾಗ ಹಿಂಗಾಲು ತಾನಾಗಿ ಕೆರೆಯಲು ಹೊರಟರೆ ಕಜ್ಜಿಯ ಅನುಮಾನ ಬಲವಾಗುತ್ತದೆ. ಈ ಕಜ್ಜಿಯ ನುಸಿ ಮನುಷ್ಯರಿಗೂ ಅಂಟಿ ತುರಿಕೆ ತರುತ್ತದೆ, ಹುಳುಕಡ್ಡಿಯೂ ಹಾಗೆಯೆ. ವೈದ್ಯರು ನೋಡುವ ತನಕ ಮಕ್ಕಳನ್ನು ದೂರವಿರಿಸಿ, ನಾಯಿ ಮಲಗುವ ಚೀಲವನ್ನು ಬಿಸಿನೀರಿನಲ್ಲಿ ಒಗೆಯಿರಿ. ಮನೆಯವರಿಗೆ ತುರಿಕೆ ಹತ್ತಿದ್ದರೆ ಅವರೂ ವೈದ್ಯರಿಗೆ ತೋರಿಸತಕ್ಕದ್ದು.

ಮುಂಬಯಿಯವರಿಗೆ ಪರೇಲಿನಲ್ಲಿ ಬಾಯಿ ಸಾಕರ್‌ಬಾಯಿ ದಿನ್‌ಶಾ ಪೆಟಿಟ್ ಪ್ರಾಣಿ ಆಸ್ಪತ್ರೆಯಿದೆ. ಅಲ್ಲಿಯೇ 1886ರಲ್ಲಿ ಆರಂಭವಾದ ಪಶುವೈದ್ಯ ಕಾಲೇಜೂ ಇದೆ. ಹೋದಾಗ ಈ ಮೊದಲು ಏನೇನು ಹಚ್ಚಿದಿರೆಂಬುದನ್ನು ಮುಚ್ಚಿಡದೆ ಹೇಳಿರಿ. ಸೀಮೆಎಣ್ಣೆಯಾಗಿದ್ದರಂತೂ ತಪ್ಪದೆ ಹೇಳಿರಿ. ಹುಚ್ಚುನಾಯಿ ರೋಗದ ಚುಚ್ಚುಮದ್ದಿನ ವರ್ಷ ಮುಗಿದಿದೆಯೇ ಎಂದು ಆಗಲೇ ಕೇಳಿಬಿಡಿ.