ಕೆಟ್ಟ ಟೆಲಿವಿಷನ್ನಿನ ಹೊಣೆ ಯಾರದು?

ಮನೆಯಲ್ಲಿ ಕೆಟ್ಟುನಿಂತ ಹಳೆಯ ಟೆಲಿವಿಷನ್ನನ್ನು ನಾವು ಬರಿಯ ಕಸವೆಂದೇ ಭಾವಿಸುತ್ತೇವೆ. ಅದರ ಗಾಜಿನ ಚಿತ್ರನಳಿಗೆಯೊಳಗೆ ಎಲೆಕ್ಟ್ರಾನುಗಳು ಅತಿವೇಗದಿಂದ ಹರಿದು ತೆರೆಗೆ ಬಡಿಯುವಾಗ ಕ್ಷ-ಕಿರಣಗಳು ಹುಟ್ಟುತ್ತಿದ್ದುವು. ಅವು ನೋಡುವವರನ್ನು ತಾಕದಿರಲೆಂದು ಗಾಜಿನಲ್ಲಿ ಸೀಸವನ್ನು ಬೆರೆಸುತ್ತಿದ್ದರು. ಅಂದು ನಮ್ಮನ್ನು ಕಾಪಾಡಿದ ಆ ಸೀಸವೇ, ಗಾಜು ಒಡೆದು ತಿಪ್ಪೆಗೆ ಬಿದ್ದಾಗ ನೆಲಜಲಗಳನ್ನು ಸೇರಬಲ್ಲ ವಿಷವಾಗುತ್ತದೆ. ಎಳೆಯ ಮಕ್ಕಳ ಮಿದುಳಿಗೆ ಅದರಿಂದ ವಿಶೇಷ ಹಾನಿ.

ಇಂಥ ಯಂತ್ರಗಳನ್ನು ಮನೆಗಳಿಂದ ಸಂಗ್ರಹಿಸಿ ಪುನರುಪಯೋಗಿಸುವ ವೆಚ್ಚವನ್ನು ಯಾರು ಹೊರಬೇಕು? ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಇದನ್ನು ನಿರ್ಣಯಿಸುವ ರಾಷ್ಟ್ರವ್ಯಾಪಿ ಶಾಸನವಿಲ್ಲ. ಆದುದರಿಂದ ರಾಜ್ಯಗಳೇ ಮುಂದೆ ಬಂದುವು. ಕ್ಯಾಲಿಫೋರ್ನಿಯ 2003ರಲ್ಲಿ ಮೊದಲ ಶಾಸನವನ್ನು ಮಾಡಿತು. ಅದರಂತೆ 2005ರ ಆರಂಭದಿಂದ, ಹೊಸ ಯಂತ್ರವನ್ನು ಕೊಳ್ಳುವವನು ತೆರೆಯ ಅಳತೆಗೆ ತಕ್ಕಂತೆ 6ರಿಂದ 10 ಡಾಲರುಗಳ ಶುಲ್ಕವನ್ನು ಅಂಗಡಿಯಲ್ಲೇ ತೆರಬೇಕಾಯಿತು. ಮೇಯ್ನ್ ರಾಜ್ಯ 2004ರಲ್ಲಿ ಬೇರೊಂದು ದಾರಿ ಹಿಡಿದು, ಸಂಗ್ರಹವಾದ ಯಂತ್ರಗಳ ಪುನರುಪಯೋಗದ ವೆಚ್ಚವನ್ನು ತಯಾರಕರ ಮೇಲೆ ಹೊರಿಸಿತು. ಇಂದು ಸುಮಾರು 25 ರಾಜ್ಯಗಳಲ್ಲಿ ಇಂಥ ಶಾಸನಗಳಿದ್ದು, ಹೆಚ್ಚಿನವು ಮೇಯ್ನಿನಂತೆ ತಯಾರಕರನ್ನೇ ಹೊಣೆಗಾರರನ್ನಾಗಿಸಿವೆ.

ಆದರೆ ಹೊಣೆಯನ್ನು ಅಳೆಯುವುದು ಹೇಗೆ? ಮಿನೆಸೋಟ 2007ರ ಶಾಸನದಲ್ಲಿ ತಕ್ಕಡಿಯನ್ನು ನಂಬಿತು. ತಯಾರಕರು ತಾವು ಮನೆಗಳಿಗೆ ಮಾರಿದ ಯಂತ್ರಗಳ ತೂಕದಲ್ಲಿ ಮೊದಲ ವರ್ಷ ನೂರಕ್ಕೆ 60ರಷ್ಟು, ಅನಂತರ ನೂರಕ್ಕೆ 80ರಷ್ಟು ಹಳೆಯ ಸಾಮಾನನ್ನು ಸಂಗ್ರಹಿಸಬೇಕೆಂದು ಅದು ವಿಧಿಸಿತು.

ಅಷ್ಟರಲ್ಲಿ ಯಂತ್ರಗಳ ಸ್ವರೂಪವೇ ಬದಲಾಯಿತು. ಚಪ್ಪಟೆ ತೆರೆಯ ಹಗುರವಾದ ಟೆಲಿವಿಷನ್ನುಗಳು ಬಂದುವು. ತಲಾ 10 ಕಿಲೋಗ್ರಾಂ ತೂಗುವ 5 ಹೊಸ ಯಂತ್ರಗಳು ಮಾರಾಟವಾದುವೆಂದು ಎಣಿಸೋಣ. ನೂರಕ್ಕೆ 80ರ ಲೆಕ್ಕದಲ್ಲಿ ತಯಾರಕನ ಹೊಣೆ 40 ಕಿಲೋಗ್ರಾಂ; 40 ಕಿಲೋಗ್ರಾಂ ತೂಗುವ ಒಂದೇ ಹಳೆಯ ಯಂತ್ರದಿಂದ ಅದು ತೀರಿಹೋಗುತ್ತದೆ! ಉಳಿದ ಹಳೆಯ ಯಂತ್ರಗಳ ವೆಚ್ಚ ಸ್ಥಳೀಯ ಆಡಳಿತಗಳ ತಲೆಯ ಮೇಲೆ ಬಿದ್ದಿತು. ಸೀಸದ ಗಾಜನ್ನು ಕರಗಿಸಿ ಹೊಸ ಚಿತ್ರನಳಿಗೆಗಳನ್ನು ಮಾಡುವ ಉದ್ಯಮವೂ ನಿಂತುಹೋದುದರಿಂದ, ಆ ಗಾಜು ಯಾರಿಗೂ ಬೇಡವಾಯಿತು. ಒಹಾಯೋದ ಕೊಲಂಬಸ್ ನಗರದಲ್ಲಿ ಅದರ ದೊಡ್ಡ ರಾಶಿಗಳು ಗೋದಾಮುಗಳಲ್ಲಿ ಅನಾಥವಾಗಿ ಉಳಿದುವು.

ಯಂತ್ರ ಬದಲಾದಂತೆ ಶಾಸನವೂ ಬದಲಾಗಬೇಕು. ಕ್ಯಾಲಿಫೋರ್ನಿಯ 2022ರಲ್ಲಿ ಮತ್ತೊಂದು ಶಾಸನ ಮಾಡಿ, ಬ್ಯಾಟರಿಯನ್ನು ಒಳಗೇ ಅಳವಡಿಸಿದ ಉಪಕರಣಗಳನ್ನೂ 2026ರಿಂದ ಈ ವ್ಯವಸ್ಥೆಗೆ ಸೇರಿಸಿತು. ತಕ್ಕಡಿ ತೂಕವನ್ನು ಮಾತ್ರ ಹೇಳುತ್ತದೆ, ವಿಷವನ್ನಲ್ಲ. ಮುಂದಿನ ಶಾಸನಗಳನ್ನು ಬರೆಯುವವರು ಇದನ್ನು ನೆನಪಿನಲ್ಲಿಡಬೇಕೆಂದು ನಾವು ಭಾವಿಸುತ್ತೇವೆ.